ಕೆಲ್ಬೆಕ್ ಸಂತೆಯ ಕೊನೆಯ ಕೂಗು

ವಿನಿಫ್ರೆಡ್ ಪ್ರಾಟ್ ಮತ್ತೆ ಕೈ ಎತ್ತಿದಳು.

ಎಡ್ವಿನ್ ಆಲ್ಡರ್ಸನ್ ತನ್ನ ಕುರಿಯ ಬೆನ್ನ ಮೇಲೆ ಕೈಯಿಟ್ಟು ಹರಾಜಿನ ಅಂಕಣದ ನಡುವೆ ನಿಂತಿದ್ದ. ಕಳೆದ ಶುಕ್ರವಾರವೂ ಅವಳು ಕೈ ಎತ್ತಿದ್ದಳು, ಅದರ ಹಿಂದಿನ ಶುಕ್ರವಾರವೂ. ಹನ್ನೊಂದು ವಾರದಿಂದ ಈ ಹೆಂಗಸು ಬೇರೆ ಯಾವ ಕುರಿಯನ್ನೂ ಕಣ್ಣೆತ್ತಿ ನೋಡಿಲ್ಲ. ಇದೊಂದೇ ಬೇಕು. ಮುಂದಿನ ಹಲ್ಲು ಉದುರಿದ, ಇನ್ನು ಮರಿ ಹಾಕದ ಮುದಿ ಕುರಿ.

"ಅವಳಿಗೇನೋ ಗೊತ್ತು ಕಣೋ," ಎಂದು ಬೇಲಿಗೊರಗಿದ್ದ ಜಾಕ್ ಮೆಟ್ಕಾಫ್ ಪಿಸುಗುಟ್ಟಿದ. "ಗಂಡ ಕಣಿವೆಯಾಚೆ ದೊಡ್ಡ ಕುರಿಗಾರನಾಗಿದ್ದ. ಸುಮ್ಮನೆ ಕೈ ಎತ್ತೋ ಮನೆಯವಳಲ್ಲ. ನಿನ್ನ ಮುದುಕಿ ಉಂಗುರಗಿಂಗುರ ನುಂಗಿದಾಳಾ ನೋಡು!"

ಸುತ್ತಲಿದ್ದವರು ನಕ್ಕರು. ಎಡ್ವಿನ್ ನಗಲಿಲ್ಲ.

ಬೆಳಿಗ್ಗೆ ಗೇಟಿನಲ್ಲೇ ಹೊಸ ಹರಾಜುಗಾರ ಡಿನ್ಸ್‌ಡೇಲ್ ಅವನನ್ನು ತಡೆದಿದ್ದ. "ಆಲ್ಡರ್ಸನ್ನವರೇ, ಇದು ಹರಾಜು. ಕುರಿಗೆ ಊರು ತೋರಿಸೋ ಮೆರವಣಿಗೆ ಅಲ್ಲ. ಇವತ್ತು ಬಂದ ಬೆಲೆಗೆ ಕೊಟ್ಟುಬಿಡಿ. ಇಲ್ಲಾಂದ್ರೆ ಮುಂದಿನ ವಾರ ಇದನ್ನ ಒಳಗೆ ಬಿಡಲ್ಲ."

ಕೊಟ್ಟರೂ ಶುಕ್ರವಾರ ಹೋಯಿತು, ಕೊಡದಿದ್ದರೂ ಹೋಯಿತು. ಕಾಲಿನ ಮಂಡಿ ಕೈಕೊಟ್ಟ ಮೇಲೆ ಗುಡ್ಡದ ಮಂದೆಯನ್ನೆಲ್ಲ ಮಾರಿದ್ದ, ಉಳಿದದ್ದು ಇದೊಂದೇ. ಕೆಲ್ಬೆಕ್ಕಿನಲ್ಲಿ ಮಾಲು ತಾರದವನು ಅಂಕಣದ ಸುತ್ತ ನಿಂತರೆ ಅವನ ಕಥೆ ಮುಗಿಯಿತೆಂದೇ ಅರ್ಥ. ಜನ ಮಾತಾಡಿಸುತ್ತಾರೆ, ಕಾಯಿಲೆಯವರನ್ನು ಮಾತಾಡಿಸುವಂತೆ.

ಶನಿವಾರದಿಂದ ಗುರುವಾರದವರೆಗೆ ಎಡ್ವಿನ್ ಈ ಕುರಿಯೊಂದಿಗೆ ಮಾತ್ರ ಮಾತಾಡುತ್ತಿದ್ದ. ಶುಕ್ರವಾರ ಗಡ್ಡ ಬೋಳಿಸಿ, ಟೈ ಕಟ್ಟಿ, ಅದನ್ನು ಗಾಡಿಗೇರಿಸಿ ಗುಡ್ಡ ಇಳಿದು ಬರುತ್ತಿದ್ದ. ಚರ್ಚಿನ ಗಡಿಯಾರ ಒಂಬತ್ತು ಹೊಡೆಯುವ ಮೊದಲೇ ಚೌಕದ ಕಲ್ಲುಹಾಸಿನ ಮೇಲೆ ಚೀಸ್ ಅಂಗಡಿ, ಮೀನಿನ ಅಂಗಡಿ, ಗುಂಡಿ ದಾರದವಳ ಅಂಗಡಿ ಎಲ್ಲ ಎದ್ದಿರುತ್ತಿದ್ದವು. ಎರಡು ಈರುಳ್ಳಿ ಕೊಳ್ಳಲು ಅವನು ಮೂರು ಕಡೆ ಬೆಲೆ ಕೇಳುತ್ತಿದ್ದ. ಬಸ್ಸಿನಲ್ಲಿ ಬಂದ ಪ್ರವಾಸಿಗರು ಹಳೆಯ ಕಲ್ಲುಶಿಲುಬೆಯ ಫೋಟೋ ತೆಗೆಯುವಾಗ ಅವನು ಪಕ್ಕಕ್ಕೆ ಸರಿಯುತ್ತಿರಲಿಲ್ಲ. ಯಾವುದೋ ದೇಶದ ಯಾರದೋ ಮನೆಯಲ್ಲಿ ತಾನೂ ಇರುತ್ತೇನೆ ಎಂದುಕೊಳ್ಳುತ್ತಿದ್ದ.

ಆಮೇಲೆ ಚಹಾ. ಬಂದ ಬೆಲೆ ಒಲ್ಲೆ ಎಂದವನು ಕೊನೆಯ ಕೂಗಿನವರಿಗೆ ಕ್ಯಾಂಟೀನಿನಲ್ಲಿ ಚಹಾ ಕೊಡಿಸಬೇಕು. ಕೆಲ್ಬೆಕ್ಕಿನ ಹಳೇ ರೂಢಿ; ಆಸೆ ತೋರಿಸಿ ನಿರಾಸೆ ಮಾಡಿದ್ದಕ್ಕೆ ದಂಡ. ಎಡ್ವಿನ್ ಹತ್ತು ವಾರ ದಂಡ ಕಟ್ಟಿದ್ದ.

ಮೊದಮೊದಲು ಆ ಮೇಜಿನಲ್ಲಿ ಕೂರಲು ಅವನಿಗೆ ಅಳುಕಾಗುತ್ತಿತ್ತು. ಅವಳು ಚೀಲದಿಂದ ಇನ್ನೂ ಬಿಸಿಯಿದ್ದ ಬನ್ನು ತೆಗೆದು ಅರ್ಧ ಮುರಿದುಕೊಡುತ್ತಿದ್ದಳು. ಹೊಲದವಳ ಬೂಟಿನಲ್ಲಿ ಮಣ್ಣಿನ ಗುರುತೂ ಇರುತ್ತಿರಲಿಲ್ಲ. ಆಳುಗಳಿರಬೇಕು ಎಂದುಕೊಂಡ.

"ನಿಮ್ಮ ಕಡೆ ಹುಲ್ಲು ಹೇಗಿದೆ, ಮಿಸೆಸ್ ಪ್ರಾಟ್?" ಎಂದು ಒಮ್ಮೆ ಕೇಳಿದ್ದ.

"ಅವರಿದ್ದಾಗ ಚೆನ್ನಾಗಿತ್ತು," ಎಂದಿದ್ದಳು. ಅವನು ಮುಂದೆ ಕೆದಕಲಿಲ್ಲ. "ಈ ಕುರಿಗೆ ಹೆಸರಿಟ್ಟಿದೀರಾ?"

"ಕುರಿಗೆ ಯಾರ್ರೀ ಹೆಸರಿಡ್ತಾರೆ?" ಎಂದಿದ್ದ. ಸ್ವಲ್ಪ ಹೊತ್ತಾದ ಮೇಲೆ, "ಮಾರ್ಥಾ," ಎಂದಿದ್ದ.

ಅವಳು ಅಂದು ನಕ್ಕಿದ್ದು ನೆನಪಿತ್ತು.

"ಕೊನೆಯ ಸಲ!" ಡಿನ್ಸ್‌ಡೇಲ್ ಕೋಲೆತ್ತಿದ. "ಮಿಸೆಸ್ ಪ್ರಾಟ್ ಕೂಗು ಬಂದಿದೆ. ಏನಂತೀರಿ, ಆಲ್ಡರ್ಸನ್ನವರೇ?"

ವಿನಿಫ್ರೆಡ್ ಆಗಲೇ ಚೀಲವನ್ನು ತೋಳಿಗೇರಿಸಿ ಕ್ಯಾಂಟೀನಿನತ್ತ ಅರ್ಧ ತಿರುಗಿದ್ದಳು. ಮಾರ್ಥಾ ಮೂಗನ್ನು ಎಡ್ವಿನ್‌ನ ಅಂಗೈಗೆ ಒತ್ತಿದಳು. ಈ ಚಳಿಗಾಲ ತನಗೇ ಹೇಗೋ ಏನೋ. ಇಷ್ಟು ಆಸೆಪಟ್ಟವಳು ಇದನ್ನು ಚೆನ್ನಾಗಿ ನೋಡಿಕೊಳ್ಳದೆ ಇರುತ್ತಾಳೆಯೇ? ಅಲ್ಲಿ ಹುಲ್ಲಿದೆ, ಆಳುಗಳಿದ್ದಾರೆ, ಜೊತೆಗೆ ಬೇರೆ ಕುರಿಗಳಿವೆ. ತಾನೊಬ್ಬನೇ ಉಳಿದರೆ ಉಳಿಯಲಿ. ಮಾರ್ಥಾ ಉಳಿಯಬೇಕಿಲ್ಲ.

"ಕೊಟ್ಟೆ," ಎಂದ.

ಕೋಲು ಬಿತ್ತು. ಜಾಕ್ ಸಿಳ್ಳೆ ಹಾಕಿದ. ಎಡ್ವಿನ್ ತಲೆಯೆತ್ತಿ ನೋಡಿದ. ಹನ್ನೊಂದು ವಾರ ಹಟ ಹಿಡಿದು ಗೆದ್ದವಳ ಮುಖ ಬಿಳುಚಿಕೊಂಡಿತ್ತು.

ಹಿಂದಿನ ದೊಡ್ಡಿಗೆ ಅವಳು ನಿಧಾನವಾಗಿ ಬಂದಳು. ಎಡ್ವಿನ್ ಮಾರ್ಥಾಳ ಕಿವಿ ಸವರುತ್ತಿದ್ದ.

"ರಾತ್ರಿ ಹೊತ್ತು ಒಂದೆರಡು ಮಾತಾಡಿಸಿ, ಮಿಸೆಸ್ ಪ್ರಾಟ್. ಅಭ್ಯಾಸ ಆಗಿಬಿಟ್ಟಿದೆ ಇವಳಿಗೆ."

ಅವಳು ಚೀಲವನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ನಿಮ್ಮ ಗಾಡಿ ಎಲ್ಲಿದೆ? ನಾನೇ ಹತ್ತಿಸಿಕೊಡ್ತೀನಿ."

"ಯಾಕೆ ಕೊಟ್ರಿ?" ಎಂದಳು ಅವಳು. "ಹತ್ತು ವಾರ ಕೊಡದವರು ಇವತ್ತು ಯಾಕೆ ಕೊಟ್ರಿ?"

"ನಿಮಗೆ ಅಷ್ಟು ಬೇಕಾಗಿತ್ತಲ್ಲ!"

ಅವಳು ಬೇಲಿಯ ಸಂದಿನಿಂದ ಚೌಕದಾಚೆಗೆ ಬೆರಳು ತೋರಿಸಿದಳು. ಬೇಕರಿಯ ಮೇಲೆ, ಎರಡನೆಯ ಮಹಡಿಯಲ್ಲಿ, ಒಂದೇ ಒಂದು ಸಣ್ಣ ಕಿಟಕಿ.

"ಅವರು ತೀರಿಕೊಂಡ ವರ್ಷವೇ ಹೊಲ, ಮಂದೆ, ಗಾಡಿ ಎಲ್ಲ ಮಾರಿಬಿಟ್ಟೆ, ಆಲ್ಡರ್ಸನ್ನವರೇ. ಈಗ ಅದೇ ನನ್ನ ಮನೆ. ನೀವು ಯಾವತ್ತೂ ಕೊಡಲ್ಲ ಅನ್ನೋ ಧೈರ್ಯದ ಮೇಲೆ ಕೈ ಎತ್ತುತ್ತಿದ್ದೆ. ನನಗೆ ಬೇಕಾಗಿದ್ದದ್ದು ಆ ದಂಡದ ಚಹಾ."