ರಸ್ತೆಯ ಮೇಲಿನ ಹುರುಳಿ

ಮನೆ ಮುಂದಿನ ರಸ್ತೆಗೆ ವೇಗ ತಗ್ಗಿಸಲು ಸಾಲು ಉಬ್ಬುಪಟ್ಟಿಗಳನ್ನು ಹಾಕಿದ ಮೇಲೆ, ಲಾರಿ ದಾಟಿದಾಗಲೆಲ್ಲ ಆ ಗಡಗಡ ಸದ್ದಿಗೆ ಗಂಗಾಜಮ್ಮನ ಹಸುಗೂಸು ಮೊಮ್ಮಗಳು ಬೆಚ್ಚಿಬಿದ್ದು ಅಳುತ್ತಿದ್ದಳು. ನಿನ್ನೆಯಿಂದ ಮಾತ್ರ ಕೂಸು ಚೆನ್ನಾಗಿ ನಿದ್ದೆ ಮಾಡುತ್ತಿತ್ತು. ಅದೆಲ್ಲ ತಾನು ಹಾಕಿದ ಸಾಂಬ್ರಾಣಿ ಹೊಗೆಯ ಗುಣವೆಂದು ಗಂಗಾಜಮ್ಮ ಬೀಗುತ್ತಿದ್ದಳು.

ಬೆಳಗ್ಗೆ ಹೊರಗೆ ಬಂದು ನೋಡಿದರೆ, ಎದುರುಮನೆಯ ಸಾಕಮ್ಮ ಆ ಪಟ್ಟಿಗಳ ಮೇಲೆ ದಪ್ಪಗೆ ಹುರುಳಿ ಗಿಡ ಹರವುತ್ತಿದ್ದಳು.

"ಏನೇ, ಒಕ್ಕಣೆಗೆ ನಿಂಗೆ ಸರ್ಕಾರದ ರಸ್ತೇನೇ ಬೇಕಾ? ಬಿಟ್ಟಿ ಲಾರಿ ಸಿಕ್ತು ಅಂತ ತುಳಿಸ್ಕೊತಿದ್ಯಾ? ಬೈಕಿನೋರು ಜಾರಿ ಬಿದ್ರೆ ನಿಮ್ಮಪ್ಪ ಬಂದು ಎತ್ತುತಾನಾ?"

"ಸಂಜೆಗೆ ತೆಗೀತೀನಿ ಕಣಕ್ಕ."

"ಈಗ್ಲೇ ತೆಗಿ. ಒಂಚೂರಾದ್ರೂ ನಾಚಿಕೆ ಬೇಡ್ವಾ?"

ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. ಸಾಕಮ್ಮ ಎಲ್ಲವನ್ನೂ ಬಾಚಿ ಬದಿಗೆಳೆದಳು. ಅಷ್ಟರಲ್ಲೇ ಲಾರಿಯೊಂದು ಗಡಗಡನೆ ದಾಟಿತು. ಒಳಗೆ ಕೂಸು ಕಿಟಾರನೆ ಚೀರಿತು.

ಗಂಗಾಜಮ್ಮ ಬಗ್ಗಿ ಒಂದು ಹಿಡಿ ಹುರುಳಿ ಕಡ್ಡಿ ಎತ್ತಿ ನೋಡಿದಳು. ಅದರಲ್ಲಿ ಒಂದು ಕಾಯಿಯೂ ಇರಲಿಲ್ಲ.

"ನಮ್ ಹುರುಳಿ ಹೋದ್ ವಾರಾನೇ ಚೀಲ ಸೇರ್ತು ಕಣಕ್ಕ," ಎಂದಳು ಸಾಕಮ್ಮ, ಮೆಲ್ಲಗೆ. "ಇದು ಬರೀ ಹೊಟ್ಟು. ನಿಮ್ ಕೂಸು ಮಲಗ್ಲಿ ಅಂತ ನಿನ್ನೆಯಿಂದ ಹಾಸ್ತಿದ್ದೆ."