ಪಡಸಾಲೆಯಲ್ಲಿ ವಿಯೆಟ್ನಾಂ

"ಟಿಕೀಟ್ ಆದವು!" ವಿಠ್ಠಲ ಚಪ್ಪಲಿಯನ್ನೂ ಕಳಚದೆ ಹೊಸ್ತಿಲಲ್ಲೇ ನಿಂತು ಮೊಬೈಲ್ ಎತ್ತಿ ತೋರಿಸಿದ. "ಹೈದರಾಬಾದಿನಿಂದ ನೇರ ವಿಮಾನ. ರಾತ್ರಿ ಹತ್ತಿದ್ರ ಮುಂಜಾನಿ ವಿಯೆಟ್ನಾಂ. ಅಮ್ಮನ್ನ ಹಿಡಿದು ಮೂರು ಮಂದೀದೂ ಆತು!"

ಪಡಸಾಲೆಯಲ್ಲಿ ಮೊಣಕಾಲೂರಿ ಕುಳಿತಿದ್ದ ಅವನ ಹೆಂಡತಿ ವಂದನಾ ರಂಗೋಲಿ ಬಟ್ಟಲು ಬದಿಗಿಟ್ಟು ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಅವಳ ಮುಂದೆ ಮೂರು ಹಾಸುಗಲ್ಲುಗಳ ಉದ್ದಕ್ಕೂ ಆ ದೇಶ ಮೈಚಾಚಿ ಮಲಗಿತ್ತು. ಅತ್ತೆಗೆ ತಿಳಿಯಲಿ ಎಂದು ಬೆಳಗಿನಿಂದ ಕುಳಿತು ಬಿಡಿಸಿದ್ದು. ಮೇಲಿನ ಕಲ್ಲು ಉತ್ತರ: ರಾಜಧಾನಿ, ಸಮುದ್ರದೊಳಗಿಂದ ಎದ್ದ ಗುಡ್ಡಗಳು, ಅವುಗಳ ನಡುವೆ ದೋಣಿ. ಕೆಳಗಿನದು ದಕ್ಷಿಣ: ಕವಲು ಕವಲಾದ ನದಿ, ನೀರಿನ ಮೇಲೆಯೇ ನಡೆಯುವ ಸಂತೆ. ನಡುವಿನ ಕಲ್ಲು ಹಿಂದೆ ಚಾಮರೆಂಬ ಹಿಂದೂ ಅರಸರು ಆಳಿದ ನಾಡು, ಕಾಡಿನೊಳಗೆ ಇಟ್ಟಿಗೆಯ ಗುಡಿಗಳು. ಸೇಡಂನ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ವಂದನಾಗೆ ಆ ನಡುವಿನ ಕಲ್ಲೆಂದರೆ ಜೀವ. ವಿಠ್ಠಲನಿಗೆ ದೋಣಿಯೊಂದು ಸಿಕ್ಕರೆ ಸಾಕಿತ್ತು.

"ಯಾವತ್ತಿಂದು?" ಎಂದು ಕೇಳಿದಳು. ಅವನು ತಾರೀಖು ಹೇಳಿದ. ಚಪ್ಪಾಳೆ ನಿಂತಿತು. ಅವಳಿಗೆ ಗೋಡೆಯ ಮೇಲಿನ ಪಂಚಾಂಗ ನೋಡುವ ಅಗತ್ಯವೇ ಬೀಳಲಿಲ್ಲ. "ಅವತ್ತ ಏಕಾದಶಿ ಅದರೀ."

"ಏನಂದಿ?" ವಿಠ್ಠಲ ಹೊಸ್ತಿಲ ಪಕ್ಕದಲ್ಲಿ ಕುಕ್ಕರಿಸಿಬಿಟ್ಟ. "ಆಫರ್ ಇತ್ತು ಮಾರಾಯ್ತಿ, ಗಡಿಬಿಡಿಯಾಗ ಒತ್ತಿಬಿಟ್ಟೆ. ಇನ್ನ ವಾಪಸ್ ಮಾಡ್ಲಿಕ್ಕಿ ಬರಂಗಿಲ್ಲ."

ವಂದನಾಳ ಅತ್ತೆ ಪದ್ಮಾಬಾಯಿಯವರ ಏಕಾದಶಿ ಎಂದರೆ ಹನಿ ನೀರೂ ಇಲ್ಲದ ಏಕಾದಶಿ. ಹಿಂದಿನ ದಿನ ಮಧ್ಯಾಹ್ನ ಉಂಡರೆ ಮತ್ತೆ ಬಾಯಿಗೆ ತುತ್ತು ಬೀಳುವುದು ದ್ವಾದಶಿಯ ಬೆಳಿಗ್ಗೆ, ಸೂರ್ಯ ಹುಟ್ಟಿದ ಮೇಲೆ. ಅಂದು ಅವರು ಮಠದ ಹೊರತು ಬೇರೆಲ್ಲಿಗೂ ಹೋದದ್ದಿಲ್ಲ. ಈ ಪ್ರವಾಸಕ್ಕೆ ಅವರನ್ನು ಒಪ್ಪಿಸಲು ವಂದನಾಗೆ ಇಡೀ ಬೇಸಿಗೆ ಹಿಡಿದಿತ್ತು. ಅಡುಗೆಮನೆ ಇರುವ ಕೋಣೆ, ಅವರದೇ ಪಾತ್ರೆ, ಅವರದೇ ಕೈಯಡುಗೆ ಎಂದೆಲ್ಲ ಮಾತು ಕೊಟ್ಟಿದ್ದಳು. ಅವರು ಬಾರದಿದ್ದರೆ ತಾವೂ ಹೋಗುವುದಿಲ್ಲ ಎಂದು ಗಂಡ ಹೆಂಡತಿ ಮೊದಲೇ ನಿಶ್ಚಯಿಸಿದ್ದರು.

"ಯಾರದು ಏಕಾದಶಿ ಅಂದವ್ರು?" ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪದ್ಮಾಬಾಯಿ ಒಳಗಿನಿಂದ ಬಂದರು.

ವಿಠ್ಠಲ ಹೆಂಡತಿಯ ಮುಖ ನೋಡಿದ. ವಂದನಾ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಳು, ಒಂದನ್ನು ತೆಗೆದಳು, ಇನ್ನೊಂದನ್ನು ಇಟ್ಟಳು. "ಅತ್ಯಾರ, ಒಂದು ತಪ್ಪಾಗೇದ. ಸಿಟ್ಟಿಗೇಳಬ್ಯಾಡ್ರಿ. ನಮ್ಮ ವಿಮಾನ ಏಕಾದಶಿ ದಿನ ಬಂದದ."

ಪದ್ಮಾಬಾಯಿ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ವಿಠ್ಯಾ, ಲಗ್ನದ ಮುಹೂರ್ತ ನಿನ್ನ ಕೈಯಾಗ ಬಿಟ್ಟಿದ್ರ ಅಮಾಸಿ ದಿನ ತಾಳಿ ಕಟ್ತಿದ್ದಿ ನೀ."

ಯಾರೂ ನಗಲಿಲ್ಲ. ಅವರು ರಂಗೋಲಿ ತುಳಿಯದಂತೆ ಸೀರೆಯ ನೆರಿಗೆ ಎತ್ತಿಕೊಂಡು ಆ ದೇಶವನ್ನು ಒಂದು ಸುತ್ತು ಹಾಕಿದರು. ದೋಣಿ ನೋಡಿದರು, ಸಂತೆ ನೋಡಿದರು, ನಡುವಿನ ಗುಡಿಗಳ ಬಳಿ ನಿಂತರು. ವಂದನಾ ಅವರ ಹುಬ್ಬನ್ನೇ ನೋಡುತ್ತಿದ್ದಳು.

"ಒಂದರ್ಥಕ್ಕ ಛಲೋನೇ ಆತು," ಎಂದರು ಪದ್ಮಾಬಾಯಿ. "ವಿಮಾನದಾಗ ಏನು ತಿನ್ನಬೇಕು, ಯಾರು ಮುಟ್ಟಿದ್ದು ತಿನ್ನಬೇಕು ಅಂತ ನಾ ಭಾಳ ಚಿಂತಿ ಮಾಡ್ಲಿಕತ್ತಿದ್ದೆ. ಏಕಾದಶಿ ಅಂದ್ರ ಆ ಕಿರಿಕಿರೀನೇ ಇಲ್ಲ. ಕೃಷ್ಣಾ ಅಂತ ಕುಂತು ಹೋದ್ರಾತು."

"ಹಂಗಾದ್ರ ಹೊಂಟ್ವಿ!" ವಿಠ್ಠಲ ಎದ್ದ ರಭಸಕ್ಕೆ ರಂಗೋಲಿಯ ಒಂದು ಗುಡ್ಡ ಅಳಿಸಿಹೋಯಿತು.

ಸಂತೋಷದಲ್ಲೂ ವಂದನಾಗೆ ಕಳವಳ ತಪ್ಪಲಿಲ್ಲ. "ಮರುದಿನದ ಪಾರಣಿ ಹೆಂಗ್ರಿ ಅತ್ಯಾರ? ಇಳಿದ ಕೂಡ್ಲೇ ಅಡಿಗಿ ಆಗಂಗಿಲ್ಲ."

"ಅವಲಕ್ಕಿ ಕಟಗೊಂಡು ಬರ್ತೀನಿ. ಅದಿರ್ಲಿ, ಅಲ್ಲಿ ಸೂರ್ಯ ಎಷ್ಟೊತ್ತಿಗಿ ಹುಟ್ತಾನ?"

ವಂದನಾಗೆ ದ್ವಾದಶಿಯ ನಸುಕುಗಳು ನೆನಪಾದವು. ಅಂಗಳದಲ್ಲಿ ಪೂರ್ವಕ್ಕೆ ಮುಖ ಮಾಡಿ, ಕಣ್ಣು ಮಿಟುಕಿಸದೆ ನಿಲ್ಲುವ ಅತ್ತೆ. "ಬೆಳಕಾತೇನು ನೋಡು" ಎಂದು ಮತ್ತೆ ಮತ್ತೆ ಕೇಳುವ ಅತ್ತೆ. ಅಡುಗೆಮನೆಯ ಕಿಟಕಿಯಿಂದ ಅದನ್ನು ಕಂಡಾಗಲೆಲ್ಲ, ಇಷ್ಟು ಭಕ್ತಿ ತನಗೆ ಯಾವ ಜನ್ಮಕ್ಕೆ ಬಂದೀತು ಎಂದುಕೊಂಡಿದ್ದಳು.

"ನಾವು ಪೂರ್ವಕ್ಕ ಹೋಗ್ತೀವಲ್ರಿ," ಎಂದಳು ಮೆಲ್ಲಗೆ. "ಅಲ್ಲಿ ನಮಗಿಂತ ಹೆಚ್ಚುಕಮ್ಮಿ ಎರಡು ತಾಸು ಮೊದಲೇ ಹುಟ್ತಾನ."

"ಎರಡು ತಾಸು!" ಪದ್ಮಾಬಾಯಿಯವರ ಮುಖವೆಲ್ಲ ಅರಳಿತು. "ಅಂದ್ರ ಎರಡು ತಾಸು ಹಸಿವಿ ಕಮ್ಮಿ!"

"ನಿಮಗ ಹಸಿವಿ ಆಗ್ತದೇನ್ರಿ?" ಜೋಡಿಸಿಕೊಳ್ಳದ ಮಾತು ವಂದನಾಳ ಬಾಯಿಂದ ಜಾರಿಬಿತ್ತು.

"ಯಾಕ, ನನಗ ಹೊಟ್ಟಿ ಇಲ್ಲೇನು? ಈ ಮನಿಗಿ ಸೊಸಿಯಾಗಿ ಬಂದಾಗಿಂದ ಒಂದೊಂದು ಏಕಾದಶಿಗೂ ಆಗೇದ. ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ."

ಅತ್ತೆಯ ಬಿಪಿ ಗುಳಿಗೆಯ ಹೊತ್ತು, ಯಾವ ಮೊಣಕಾಲು ಯಾವ ಹವೆಗೆ ನೋಯುತ್ತದೆ, ಚಹಾಕ್ಕೆ ಎಷ್ಟು ಸಕ್ಕರೆ, ಎಲ್ಲವನ್ನೂ ಬಲ್ಲ ವಂದನಾಗೆ ಇದೊಂದು ತಿಳಿದಿರಲಿಲ್ಲ. ಪದ್ಮಾಬಾಯಿ ನಿಧಾನವಾಗಿ ಬಗ್ಗಿ, ಬಟ್ಟಲಿನಿಂದ ಚಿಟಿಕೆ ರಂಗೋಲಿ ಹಿಡಿದು, ಆ ದೇಶದ ಪೂರ್ವಕ್ಕೆ ಒಬ್ಬ ಸೂರ್ಯನನ್ನು ಬಿಡಿಸಿದರು. ಒಂದು ಕ್ಷಣ ತಲೆ ಓರೆ ಮಾಡಿ ನೋಡಿದರು. ಆಮೇಲೆ ಅಂಗೈಯಿಂದ ಅದನ್ನು ಅಳಿಸಿ, ಇನ್ನೂ ಸ್ವಲ್ಪ ಹತ್ತಿರಕ್ಕೆ ಬಿಡಿಸಿದರು.