ಡ್ರಾಯರಿನ ಒಳಗಿನ ಸಹಿ

"ಆ ಡ್ರಾಯರ್ ಗೋಜಿಗೆ ಹೋಗ್ಬೇಡಿ ಮೇಡಂ, ಸಿಕ್ಕಾಕ್ಕೊಳ್ಳುತ್ತೆ," ಎಂದು ಡ್ವೈಟ್ ಹಾಲ್ಕಂಬ್ ಅದನ್ನು ಅಂಗೈಯಿಂದ ಒತ್ತಿ ಹಿಡಿದ. ಅಮೆರಿಕದ ಮಿಸೌರಿ ರಾಜ್ಯದ ಶಾಸನಸಭೆಯಲ್ಲಿ ಎಂಟು ವರ್ಷ ಇದೇ ಮೇಜಿನಲ್ಲಿ ಕೂತಿದ್ದ ಮಾಜಿ ಶಾಸಕ. ಈಗ ಹಂದಿಸಾಕಣೆ ಕಂಪನಿಗಳ ಪರ ಲಾಬಿ ಮಾಡುತ್ತಾನೆ. ಆ ಕಂಪನಿಗಳಿಗೆ ಬೇಕಾದ ಮಸೂದೆಗೆ ಓಟು ಕೇಳಲು ಬಂದವನು ಒಂದು ಡಬ್ಬಿ ಪೆಕನ್ ಬೀಜದ ಮಿಠಾಯಿಯನ್ನೂ ತಂದಿದ್ದ.

ಹೊಸ ಶಾಸಕಿ ಲೋರೀನ್‌ಗೆ ಮಿಠಾಯಿಗಿಂತ ಆ ಕೈಯ ಮೇಲೆಯೇ ಅನುಮಾನ ಬಂತು.

"ಕೈ ತೆಗೀರಿ ಸಾರ್, ನಾನೂ ಸಹಿ ಹಾಕ್ಬೇಕಲ್ಲ."

ಡ್ರಾಯರ್ ಸರಾಗವಾಗಿ ಬಂತು. ಆ ಮೇಜಿನಲ್ಲಿ ಕೂತವರೆಲ್ಲ ಅದರೊಳಗೆ ಸಹಿ ಹಾಕಿ, ಮುಂದಿನವರಿಗೊಂದು ಮಾತು ಬರೆದುಹೋಗುವುದು ರೂಢಿ. ಕೊನೆಯ ಸಹಿ ಡ್ವೈಟನದು. ಮೇಲೆ ಅವನದೇ ದಪ್ಪಕ್ಷರ: 'ಮಿಠಾಯಿ ತಂದವನನ್ನು ಮೊದಲು ಕೇಳು, ಕೊಟ್ಟು ಕಳಿಸಿದವರು ಯಾರು?'

ಲೋರೀನ್ ಡಬ್ಬಿಯನ್ನು ಅವನತ್ತ ತಳ್ಳಿದಳು.

"ಯಾರು ಸಾರ್?"